ಹನ್ನೆರಡು ಕೊಡ ನೀರು

ಪೀಪಾಯಿ ಸಿಡಿದ ಸದ್ದಿಗೆ ಮಸ್ಕಿಯ ಗುಡ್ಡ ಒಂದು ಗೇಣು ಹಿಂದೆ ಸರಿಯಿತು. ಸಿಂಧನೂರಿನ ಕೋಳಿಗಳು ಎಂಟು ದಿನ ಮೊಟ್ಟೆ ಇಡಲಿಲ್ಲ. ಲಿಂಗಸುಗೂರಿನ ಅದಾಲತ್ತಿನ ಗಡಿಯಾರ ನಿಂತೇ ಹೋಯಿತು. ಇದರಲ್ಲಿ ಅರ್ಧ ಬೇಕಾದರೆ ಬಿಟ್ಟುಬಿಡಿ. ಬಿಡಲಾಗದ್ದು ಒಂದೇ— ಎಣ್ಣೆ ಪೀಪಾಯಿಗಳ ಕಾರ್ಖಾನೆಯಲ್ಲಿ ವೆಲ್ಡಿಂಗ್ ಇಂಜಿನಿಯರ್ ದುರುಗಪ್ಪ ಸತ್ತು ಬಿದ್ದಿದ್ದ. ಗ್ಯಾಸಿನ ಕೊಳವೆ ಇನ್ನೂ ಕೈಯಲ್ಲೇ ಇತ್ತು.

ಮರುದಿನ ಅವನನ್ನು ಮಣ್ಣು ಮಾಡಿದ ಮೇಲೆ ಸಿಂಧನೂರಿನಿಂದ ಅಮರಗುಂಡಪ್ಪ ಬಂದ. ಯಮನ ಕೋಣದ ಮುರಿದ ಕೊಂಬನ್ನೂ ಗುರುತು ಸಿಗದಂತೆ ಬೆಸೆಯಬಲ್ಲ ಅಂತ ಅವನ ಹೆಸರು. ಹಾಗಂತ ಮೊದಲು ಹೇಳಿದವನೂ ಅವನೇ. ದುರುಗಪ್ಪನಿಗೂ ಅವನ ಜೊತೆಗಾರ ಶಾವಲಿಗೂ ಕೆಲಸ ಕಲಿಸಿದ ಉಸ್ತಾದ. ಈಗ ಒಬ್ಬ ಶಿಷ್ಯ ಮಣ್ಣಿನಲ್ಲಿ. ಇನ್ನೊಬ್ಬನ ಕೈಗೆ ಬೇಡಿ.

"ದುರುಗಪ್ಪನನ್ನು ಹೈದರಾಬಾದಿನ ಕಾರ್ಖಾನೆ ಕರೆದಿತ್ತು, ಇವನನ್ನು ಕರೆದಿರಲಿಲ್ಲ," ಅಂದರು ಬೇಡಿ ಹಾಕಿದ ಪೊಲೀಸ್ ಅಮೀನ್ ಸಾಹೇಬರು. ಅವರದು ಬರೀ ಉರ್ದು. "ನಿನ್ನೆ ಬೆಳಿಗ್ಗೆ ಇಬ್ಬರಿಗೂ ಜಗಳ. ಪೀಪಾಯಿ ಸಿದ್ಧ ಮಾಡಿದವನು ಇವನೇ. ಸಂಜೆಗೆ ಲಿಂಗಸುಗೂರಿಗೆ ಒಯ್ಯುತ್ತೇನೆ."

ಅಮರಗುಂಡಪ್ಪ ಶಾವಲಿಯತ್ತ ತಿರುಗಿದ.

"ನೀರು ತುಂಬಿದ್ದೇನ್ಲೇ?"

"ತುಂಬಿದ್ದೆ ಉಸ್ತಾದ್. ಹನ್ನೆರಡು ಕೊಡ, ಕಂಠಮಟ."

"ಯಾರು ನೋಡ್ಯಾರ?"

"ದುರುಗ."

"ಸತ್ತವನ್ನ ಸಾಕ್ಷಿಗೆ ಕರೀತಿ. ಭೇಷ್."

ಸೀಮೆಎಣ್ಣೆಯ ಹಳೇ ಪೀಪಾಯಿಗೆ ಬೆಂಕಿ ತಾಗಿಸುವ ಮೊದಲು ನೀರು ತುಂಬಲೇಬೇಕು. ಖಾಲಿ ಬಿಟ್ಟರೆ ಒಳಗಿನ ಆವಿ ಸಿಡಿಮದ್ದು. ತುಂಬಿದ ಪೀಪಾಯಿ ಸಿಡಿಯುವುದೂ ಇಲ್ಲ, ಒಡೆದರೆ ಕೆಸರಾಗುತ್ತದೆ. ಇಲ್ಲಿ ನೆಲದ ಮೇಲೆ ಒಣ ಧೂಳು. ಹಾಗಾದರೆ ಶಾವಲಿ ಸುಳ್ಳು ಹೇಳುತ್ತಿದ್ದಾನೆಯೇ?

ಪೀಪಾಯಿಯ ತಳ ಮಾತ್ರ ಕಲ್ಲುಕಟ್ಟೆಯ ಮೇಲೆ ಇದ್ದಲ್ಲೇ ಇತ್ತು. ಅದಕ್ಕೆ ಮೊನ್ನೆ ಕೂಡಿಸಿದ ಹಿತ್ತಾಳೆಯ ನಲ್ಲಿ. ಅಮರಗುಂಡಪ್ಪ ಮಂಡಿಯೂರಿದ. ನಲ್ಲಿಯ ಬಾಯಿಗೆ ನೇರವಾಗಿ, ನೆಲದಲ್ಲಿ ಒಂದು ದುಂಡನೆಯ ಗುರುತು. ಕೊಡದ ತಳದ ಗುರುತು. ಮೇಲಿನಿಂದ ಸುರಿಯುವವನು ಕೊಡವನ್ನು ನಲ್ಲಿಯ ಕೆಳಗೆ ಯಾಕೆ ಇಡುತ್ತಾನೆ?

ಅವನು ಎದ್ದು ಕಾರ್ಖಾನೆಯ ಹಿಂದಿದ್ದ ದುರುಗಪ್ಪನ ಮನೆಗೆ ಹೋದ. ಹೆಂಡತಿ ಗದ್ದೆಮ್ಮ ಗೋಡೆಗೆ ಒರಗಿದ್ದಳು. ಹಗ್ಗದ ಮೇಲೆ ಬಿಳಿ ಅಂಗಿ. ಅಮರಗುಂಡಪ್ಪ ಅದನ್ನು ಮೂಗಿಗೆ ಹಿಡಿದ.

"ಯಾವಾಗ ಒಗದೀ ಗದ್ದೆವ್ವ?"

"ನಿನ್ನೆ ಮಧ್ಯಾಹ್ನರೀ. ಅವ್ರು ಉಂಡು ಅಡ್ಡಾಗಿದ್ರು. ಹೊಲಸು ಅಂಗ್ಯಾಗ ಹೈದರಾಬಾದಿಗೆ ಹೋದ್ರ, ಇವಗ ಹೆಂಡ್ತಿ ಇಲ್ಲೇನು ಅಂತಾರ ಅಂದೆ. ನಕ್ರು."

"ಚಿಮಣಿ ಎಣ್ಣಿ ವಾಸನಿ ಐತೆಲ್ಲ?"

"ಅವ್ರ ಮೈಯೇ ಹಂಗಿತ್ತಲ್ರೀ. ನನಗ ಅದು ಮನೀ ವಾಸನಿ."

"ನೀರಿಗೆ ಬಾವಿಗೆ ಹೋಗಿದ್ದೇನು?"

"ನಿನ್ನೆ ಹೋಗಲಿಲ್ರೀ." ಅವಳು ಅವನ ಧೋತರದ ತುದಿ ಹಿಡಿದಳು. "ಯಾರು ಕೊಂದಾರ ಹೇಳ್ರಿ. ಅದೊಂದು ಗೊತ್ತಾಗಲಿ ನನಗ."

ಅಮರಗುಂಡಪ್ಪ ಧೋತರ ಬಿಡಿಸಿಕೊಂಡ. ಕಾರ್ಖಾನೆಗೆ ಮರಳಿದ. ಅವಳು ಹಿಂದೆಯೇ ಬಂದಳು. ಬಾಗಿಲಲ್ಲಿ ಅವಳನ್ನು ಕಂಡು ಅವನು ಶಾವಲಿಗೆ ಹೇಳಹೊರಟಿದ್ದ ಮಾತನ್ನು ಅಮೀನರತ್ತ ಉರ್ದುವಿಗೆ ತಿರುಗಿಸಿದ. ಅವಳಿಗೆ ಉರ್ದುವಿನ ಒಂದಕ್ಷರವೂ ಬರುತ್ತಿರಲಿಲ್ಲ.

"ಶಾವಲಿ ನೀರು ತುಂಬಿದ್ದು ನಿಜ ಸಾಹೇಬ್. ಊಟದ ಹೊತ್ತಿನಲ್ಲಿ ನಲ್ಲಿ ತಿರುಗಿಸಿ ಇಳಿಸಿಕೊಂಡಿದ್ದಾರೆ. ನಲ್ಲಿಯ ಕೆಳಗೆ ಕೊಡ ಇಟ್ಟ ಗುರುತಿದೆ. ಅದೇ ನೀರಿನ ಎಣ್ಣೆ ವಾಸನೆ ದುರುಗಪ್ಪನ ಒಗೆದ ಅಂಗಿಯಲ್ಲಿದೆ."

"ಇಳಿಸಿದವರು ಯಾರು?"

"ಅವನ ಹೆಂಡತಿ. ಕೆಲಸ ಮುಗಿದರೆ ಆ ನೀರನ್ನು ನಾವು ನೆಲಕ್ಕೆ ಚೆಲ್ಲುತ್ತೇವೆ. ಬೇಸಿಗೆಯಲ್ಲಿ ಎರಡು ಮೈಲಿ ಕೊಡ ಹೊರುವವಳು ಅದನ್ನು ಹಾಳಾಗಲು ಬಿಡುತ್ತಾಳೆಯೇ? ನೀರು ಯಾಕೆ ಅಂತ ಅವಳಿಗೆ ನಾವ್ಯಾರೂ ಹೇಳಿಲ್ಲ. ದುರುಗಪ್ಪ ಎದ್ದು ಬಂದ. ತುಂಬಿದ್ದನ್ನು ಬೆಳಿಗ್ಗೆ ಕಣ್ಣಾರೆ ಕಂಡಿದ್ದ. ಮತ್ತೆ ನೋಡದೆ ಬೆಂಕಿ ತಾಗಿಸಿದ."

ಅಮೀನರು ಬಾಗಿಲತ್ತ ಕಣ್ಣು ಹಾಯಿಸಿದರು. "ಅವಳಿಗೆ ಗೊತ್ತೇ?"

"ಇಲ್ಲ."

ಅಮೀನರು ತಾವೇ ಎದ್ದು ಬೇಡಿ ಬಿಚ್ಚಿದರು.

ಗದ್ದೆಮ್ಮ ಒಳಗೆ ಬಂದಳು. "ಯಾಕ ಬಿಟ್ರಿ ಇವನ್ನ? ಇವಂದಲ್ಲಂದ್ರ ಮತ್ತ ಯಾರ ತಪ್ಪು? ನನಗ ತಿಳಿಯಂಗ ಯಾರರ ಹೇಳ್ರಿ."

ನಲವತ್ತು ವರ್ಷ ಮೂರು ಊರಿನ ಮಾತನ್ನು ಒಬ್ಬನೇ ಆಡಿ ಮುಗಿಸಿದ್ದ ಅಮರಗುಂಡಪ್ಪ ನಲ್ಲಿಯ ಕೆಳಗಿನ ಗುರುತನ್ನು ಕಾಲಿನಿಂದ ಅಳಿಸಿದ.

ಶಾವಲಿ ಮಣಿಕಟ್ಟು ಉಜ್ಜಿಕೊಳ್ಳುತ್ತ ಮುಂದೆ ಬಂದ. ಉರ್ದು ಅವನ ಮನೆಮಾತು, ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನಂದ ತಪ್ಪು ತಂಗಿ. ಪೀಪಾಯಿದಾಗಿನ ಎಣ್ಣಿ ನಾ ಪೂರಾ ತೊಳಿಲಿಲ್ಲ. ಬೇಕಂತ ಅಲ್ಲ. ಮರತೆ. ಅದಕ್ಕ ಬಿಟ್ರು."

ಗದ್ದೆಮ್ಮ ಅವನನ್ನೇ ನೋಡಿದಳು. ಅವಳ ಕೈಯ ರೊಟ್ಟಿ ಎಷ್ಟೋ ವರ್ಷ ಉಂಡವನು.

"ಇನ್ನ ನನ್ನ ಬಾಗಲಿಗೆ ಬರಬ್ಯಾಡ," ಅಂದಳು. "ನೀ ಸತ್ರೂ ನಾ ಅಳಾಕ ಬರೂದಿಲ್ಲ."

"ಆತವ್ವ," ಅಂದ ಶಾವಲಿ.