ಎಡಕ್ಕೊಮ್ಮೆ ನೋಡಿ ನಗಬೇಕು

“ನಲವತ್ತನೇ ಹಂತ ನನ್ನ ಕೈಲಾಗಲ್ಲ ಮೇಡಂ,” ಎಂದರು ದಪ್ಪ ಕನ್ನಡಕದ ಹೆಂಗಸು. ಹೊಸ ಬ್ರಾಂಚ್ ತೆಗೆದುಕೊಂಡು ತರಬೇತಿಗೆ ಬಂದಿದ್ದವರು. “ಗಿರಾಕಿಗೆ ಬಟ್ಟೆ ಕೊಡೋ ಮುಂಚೆ ಎಡಕ್ಕೊಮ್ಮೆ ನೋಡಿ ನಗಬೇಕು ಅಂತ ಪುಸ್ತಕದಲ್ಲಿ ಬರೆದಿದೆ. ನನ್ನ ಅಂಗಡೀಲಿ ಎಡಕ್ಕೆ ಗೋಡೆ. ಗೋಡೆ ನೋಡ್ಕೊಂಡು ನಕ್ಕರೆ ಜನ ಏನಂದ್ಕೋತಾರೆ?”

ಕೌಂಟರಿನ ಹಿಂದೆ ನಿಂತಿದ್ದವಳ ಕಿವಿ ಬಿಸಿಯಾಯಿತು. ಕೈಯಲ್ಲಿದ್ದ ಪ್ಯಾಂಟನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಅದು ಅವಳ ಭಾವನ ಆಲ್ಟರೇಷನ್ ಅಂಗಡಿ. ಪ್ಯಾಂಟಿನ ಉದ್ದ ಕತ್ತರಿಸುವುದು, ಸೊಂಟ ಬಿಗಿ ಮಾಡುವುದು, ಜಿಪ್ ಬದಲಿಸುವುದು, ಎಲ್ಲವೂ ಒಂದು ಗಂಟೆಯೊಳಗೆ. ಮೂರು ವರ್ಷದ ಹಿಂದೆ ಭಾವ ಫ್ರಾಂಚೈಸಿ ಕೊಡಲು ಹೊರಟಾಗ, ಕೆಲಸದ ಕ್ರಮವನ್ನು ಪುಸ್ತಕ ಮಾಡಲು ಒಬ್ಬನನ್ನು ಗೊತ್ತು ಮಾಡಿದರು. ನಾಲ್ಕು ತಿಂಗಳು ಅವನು ಅವಳ ಎಡಗಡೆಯ ಸ್ಟೂಲಿನ ಮೇಲೆ ಕೂತು, ಅವಳು ಸೂಜಿ ಪೋಣಿಸುವುದರಿಂದ ಹಿಡಿದು ಬಟ್ಟೆ ಮಡಚುವವರೆಗೆ ಎಲ್ಲವನ್ನೂ ಬರೆದುಕೊಂಡ. ನಲವತ್ತೊಂದು ಹಂತಗಳಾದವು. ಅವಳು ಅವನಿಗೆ ‘ರೂಲ್ಸ್ ಸಾಹೇಬ’ ಎಂದು ಹೆಸರಿಟ್ಟಳು.

ಈಗ ಇಪ್ಪತ್ತಮೂರು ಬ್ರಾಂಚ್‌ಗಳಿವೆ. ಅವಳು ಎಲ್ಲದಕ್ಕೂ ಮಾದರಿ. ಹೊಸಬರು ಮೂರು ದಿನ ಎದುರಿಗೆ ಕೂತು ಅವಳನ್ನು ನೋಡುತ್ತಾರೆ. ತಲೆಯ ಮೇಲಿನ ಕ್ಯಾಮೆರಾ ವರ್ಷದ ಮುನ್ನೂರು ದಿನವೂ ನೋಡುತ್ತದೆ. ಒಮ್ಮೆ ಕತ್ತರಿಯನ್ನು ಮರೆತು ಬಲಕ್ಕಿಟ್ಟದ್ದಕ್ಕೆ ಐದು ಬ್ರಾಂಚ್‌ಗಳಲ್ಲಿ ಕತ್ತರಿ ಬಲಕ್ಕೆ ಹೋಗಿ, ಭಾವ ವಾರವಿಡೀ ಮುಖ ಗಂಟಿಕ್ಕಿಕೊಂಡಿದ್ದರು. ಮನಸ್ಸಿಗೆ ಬಂದ ಹಾಗೆ ಫ್ರಾಕಿಗೆ ಕತ್ತು ಕತ್ತರಿಸುತ್ತಿದ್ದವಳು ಮೂರು ವರ್ಷದಿಂದ ಒಂದೇ ಒಂದು ಹೊಸ ಬಟ್ಟೆ ಹೊಲಿದಿರಲಿಲ್ಲ.

ಕೌಂಟರಿನ ಮೇಲೆ, ಮುಂದಿನ ಐದು ವರ್ಷವೂ ಅವಳು ಇಲ್ಲೇ ದುಡಿಯಬೇಕೆಂಬ ಹೊಸ ಅಗ್ರಿಮೆಂಟ್ ಇತ್ತು. ಸಂಜೆ ಐದಕ್ಕೆ ಭಾವ ಸಹಿಗೆ ಬರುತ್ತಾರೆ. “ಹಾಕಿಬಿಡೇ, ಇದನ್ನ ಬಿಟ್ಟು ಎಲ್ಲಿಗೆ ಹೋಗ್ತೀಯ?” ಎಂದಿದ್ದಳು ಮಹಡಿಯ ಮೇಲಿನ ಮನೆಯಲ್ಲಿ ಅಕ್ಕ. ತಂಗಿಯ ಹಾಸಿಗೆಯೂ ಅದೇ ಮಹಡಿಯಲ್ಲಿತ್ತು.

ಪುಸ್ತಕದ ಎರಡನೇ ಆವೃತ್ತಿಗೆಂದು ರೂಲ್ಸ್ ಸಾಹೇಬ ಅವತ್ತೇ ಬಂದಿದ್ದ. ಅದೇ ಸ್ಟೂಲು.

“ಅವರ ಎಡಕ್ಕೆ ಕಿಟಕಿ ಇದೆಯಲ್ಲ,” ಎಂದು ಅವನು ಕನ್ನಡಕದವರಿಗೆ ವಿವರಿಸಿದ. “ಹೊಲಿಗೇನ ಬೆಳಕಲ್ಲಿ ಪರೀಕ್ಷೆ ಮಾಡ್ತಾರೆ.”

“ಹೊಲಿಗೆ ನೋಡಿ ಯಾರಾದ್ರೂ ಹೀಗೆ ನಗ್ತಾರಾ ಸಾರ್? ನನಗೂ ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು,” ಎಂದು ಅವರು ಜಿಪ್ ಅಭ್ಯಾಸಕ್ಕೆ ಒಳಕೋಣೆಗೆ ನಡೆದರು.

ಅವನು ಹಳೆಯ ನೋಟ್‌ಬುಕ್ ತೆರೆದ. “ಆರುನೂರ ಹನ್ನೆರಡು ಗಿರಾಕಿಗಳು. ಐನೂರ ತೊಂಬತ್ತೆಂಟು ಸಲ ಎಡಕ್ಕೆ ನೋಡಿದ್ದೀರಿ. ಹದಿನಾಲ್ಕು ಸಲ ನೋಡಿಲ್ಲ. ಯಾಕೆ?”

“ಎಣಿಸೋದು ತಪ್ಪಿರ್ಬೇಕು.”

“ಎಣಿಕೆ ತಪ್ಪಿಲ್ಲ. ಆ ಹದಿನಾಲ್ಕೂ ಎರಡೇ ದಿನದ್ದು, ಕ್ಯಾಮೆರಾ ನೋಡಿ ಬರೆದದ್ದು.”

“ಕ್ಯಾಮೆರಾ ಯಾಕೆ? ನೀವೆಲ್ಲಿ ಹೋಗಿದ್ರಿ?”

“ಜ್ವರ. ಮನೇಲಿ ಮಲಗಿ…”

ಪೆನ್ನು ನಿಂತಿತು. ಅವನು ಕಿಟಕಿಯನ್ನು ನೋಡಿದ, ತಾನು ಕೂತ ಸ್ಟೂಲನ್ನು ನೋಡಿದ. ಕೊನೆಗೆ ಅವಳನ್ನು ನೋಡಿದ.

“ಆ ಎರಡು ದಿನವೂ ಕಿಟಕಿ ಇತ್ತು, ಬೆಳಕೂ ಇತ್ತು,” ಎಂದಳು ಅವಳು. “ನನ್ನದು ಅಂತ ಇದ್ದದ್ದು ಆ ನಗು ಒಂದೇ ಸಾಹೇಬ್ರೇ. ಅದನ್ನೂ ರೂಲ್ ಮಾಡಿಬಿಟ್ರಿ. ನೀವು ಹೋದ್ರಿ, ರೂಲ್ ಉಳೀತು. ಮೂರು ವರ್ಷ ಖಾಲಿ ಸ್ಟೂಲ್ ನೋಡ್ಕೊಂಡು ನಕ್ಕಿದ್ದೀನಿ.”

ಹೊರಗೆ ಬಸ್ಸೊಂದು ಹಾದುಹೋಯಿತು. ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು.

“ಆ ಕೆಲಸ ಆರು ವಾರದಲ್ಲಿ ಮುಗಿದಿತ್ತು,” ಎಂದ ಅವನು. “ಮಿಕ್ಕ ಎರಡೂವರೆ ತಿಂಗಳು ನಾನು ಸುಮ್ಮನೆ ಎಳೆದದ್ದು.”

“ಹೇಳಬಾರದಿತ್ತಾ?”

“ನೀವು ನನ್ನ ಕಡೆ ನೋಡ್ತೀರಿ ಅಂತ ಗೊತ್ತೇ ಆಗ್ಲಿಲ್ಲ. ಬರ್ಕೊಳ್ತಾ ಇದ್ದೆ.”

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅವನು ನಲವತ್ತನೇ ಹಂತದ ಮೇಲೆ ಅಡ್ಡಗೆರೆ ಎಳೆದ. ಒಂದಲ್ಲ, ಎರಡು ಸಲ.

ಐದಕ್ಕೆ ಸರಿಯಾಗಿ ಭಾವ ಬಂದರು. “ಆಯ್ತೇನಮ್ಮಾ?”

“ಇಲ್ಲ ಭಾವ. ಸಹಿ ಹಾಕಲ್ಲ. ಹೊಸ ಬಟ್ಟೆ ಹೊಲಿಯೋಣ ಅಂತಿದ್ದೀನಿ.”

“ಬಿಟ್ಟರೆ ಎರಡು ವರ್ಷ ಈ ಊರಲ್ಲಿ ಈ ಕೆಲಸ ಮಾಡೋ ಹಾಗಿಲ್ಲ. ಹಳೇ ಅಗ್ರಿಮೆಂಟ್ ಓದಿದ್ದೀಯಾ?”

“ಆಲ್ಟರೇಷನ್ ಮಾಡೋ ಹಾಗಿಲ್ಲ. ಓದಿದ್ದೀನಿ.”

“ಮಾದರಿ ಇಲ್ಲದೆ ಹೊಸಬರು ಏನನ್ನ ನೋಡ್ತಾರೆ?”

“ಪುಸ್ತಕ ಇದೆಯಲ್ಲ ಭಾವ.”

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. “ಮೇಲಿನ ರೂಮು ತರಬೇತಿಯವರಿಗೆ ಬೇಕಾಗುತ್ತೆ.”

“ಗೊತ್ತು.”

“ತಿಂಗಳ ಕೊನೆವರೆಗೆ ಕೌಂಟರ್ ಬಿಡೋ ಹಾಗಿಲ್ಲ.”

“ಬಿಡಲ್ಲ.”

ಅಷ್ಟರಲ್ಲಿ ಪ್ಯಾಂಟಿನ ಗಿರಾಕಿ ಒಳಬಂದ. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಇನ್ನೂ ಹತ್ತೊಂಬತ್ತು ದಿನ ಉರಿಯುತ್ತದೆ. ಅವಳು ಬಟ್ಟೆ ಮಡಚಿ, ಕವರಿಗೆ ಹಾಕಿ, ಎರಡೂ ಕೈಯಿಂದ ನೀಡಿದಳು.

ಎಡಕ್ಕೆ ನೋಡಲಿಲ್ಲ. ಸ್ಟೂಲು ಖಾಲಿಯಾಗಿತ್ತು. ಅವನು ನೋಟ್‌ಬುಕ್ ಮುಚ್ಚಿ ಎದ್ದುಬಂದು, ಗಿರಾಕಿಯ ಹಿಂದೆ, ಅವಳ ನೇರ ಎದುರಿಗೆ ಸಾಲಿನಲ್ಲಿ ನಿಂತಿದ್ದ.