ಸಂಜೆ ಆರು ಗಂಟೆಯ ಸಹಿ

"ಈ ಆಪರೇಷನ್ ನನಗೆ ಬೇಡ. ಸಮಯ: ಸಂಜೆ ಆರು ಗಂಟೆ." ಕೆಳಗೆ ನಿನ್ನೆಯ ತಾರೀಕು, ನಮ್ಮ ವಾರ್ಡಿನ ರೋಗಿ ಟೈಲರಮ್ಮನ ದುಂಡನೆಯ ಸಹಿ. ಬೆಳಿಗ್ಗೆ ಅವರನ್ನು ಥಿಯೇಟರಿಗೆ ಒಯ್ಯಲು ಟ್ರಾಲಿ ತಂದ ವಾರ್ಡ್‌ಬಾಯ್ ನನ್ನ ಕೈಗೇ ಆ ಹಾಳು ಚೀಟಿ ದಿಂಬಿನಡಿ ಸಿಗಬೇಕೆ!

"ನಾನ್ಯಾಕೆ ಬರೀಲಿ? ಯಾರ್ರೀ ಬರೆದಿದ್ದು?" ಟೈಲರಮ್ಮ ಕೂಗಾಡಿದರು. ಎಪ್ಪತ್ತೆಂಟು ವರ್ಷ, ಸೋತ ಶ್ವಾಸಕೋಶ. ಎದೆ ಸೀಳಿದರೆ ಉಳಿಯುವುದಿಲ್ಲವೆಂದು ಎರಡು ಆಸ್ಪತ್ರೆಗಳು ಕೈಚೆಲ್ಲಿದ್ದವು. ನಮ್ಮ ಸರ್ಜನ್ ಮಾತ್ರ ಪಕ್ಕೆಲುಬಿನ ಸಂದಿಯ ಸಣ್ಣ ಗಾಯದಿಂದಲೇ, ಒಂದೇ ಸಲಕ್ಕೆ, ಹೃದಯದ ಕವಾಟ ಬದಲಿಸಿ ಬೈಪಾಸನ್ನೂ ಮಾಡಲು ಒಪ್ಪಿದ್ದರು.

ಈಗ ಅವರೂ ಕೈಕಟ್ಟಿ ನಿಂತರು. "ಆರಕ್ಕೆ ಬೇಡ ಅಂದೋರು ಏಳಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಯಾರಾದ್ರೂ ಇವರನ್ನ ಬಲವಂತವಾಗಿ ಒಪ್ಪಿಸ್ತಿದ್ದಾರಾ? ಅದು ಗೊತ್ತಾಗೋವರೆಗೂ ನಾನು ಮುಟ್ಟಲ್ಲ. ಒಂಬತ್ತಕ್ಕೆ ಥಿಯೇಟರ್ ಬೇರೆಯವರಿಗೆ ಹೋಗುತ್ತೆ."

ನಿನ್ನೆಯಿಂದ ತಾಯಿಯ ಹಾಸಿಗೆ ಬಿಟ್ಟು ಕದಲದಿದ್ದ ಮಗನೇ ಚೀಟಿ ಬರೆದಿರಬೇಕೆಂದುಕೊಂಡು ಹೆಡ್ ಸಿಸ್ಟರ್ ಬಳಿ ಓಡಿದೆ. ಕಳುವಾದ ಬಳೆಯಿಂದ ಅದಲುಬದಲಾದ ಎಕ್ಸ್‌ರೇವರೆಗೆ, ಈ ವಾರ್ಡಿನಲ್ಲಿ ಅವರು ಬಿಡಿಸದ ಗೋಜಲಿಲ್ಲ.

"ನಿನ್ನೆ ಏನೇನಾಯ್ತು, ಹೇಳಪ್ಪ."

"ಮೂರಕ್ಕೆ ಬಲ ಮಣಿಕಟ್ಟಿಂದ ಆಂಜಿಯೋಗ್ರಾಮ್. ಏಳಕ್ಕೆ ಒಪ್ಪಿಗೆ ಪತ್ರಕ್ಕೆ ಎಡ ಹೆಬ್ಬೆಟ್ಟು. ಎಂಟಕ್ಕೆ ಮಗ ಚಮಚದಲ್ಲಿ ಊಟ ತಿನ್ನಿಸಿದ. ಇವತ್ತು ಬೆಳಿಗ್ಗೆ ಮಗಳು ಬಂದ್ರು."

ಸಿಸ್ಟರ್ ಎಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿದರು.

"ರಕ್ತ ಸೋರಬಾರ್ದು ಅಂತ ಮಣಿಕಟ್ಟಿಗೆ ಬಿಗಿ ಪಟ್ಟಿ ಹಾಕಿದ್ವಿ. ರಾತ್ರಿ ಒಂಬತ್ತರವರೆಗೂ ಆ ಕೈ ಅಲ್ಲಾಡಿಸೋ ಹಾಗಿರ್ಲಿಲ್ಲ. ಅದಕ್ಕೇ ಹೆಬ್ಬೆಟ್ಟು, ಅದಕ್ಕೇ ಚಮಚ. ಆರು ಗಂಟೆಗೆ ಇಷ್ಟು ಚೆಂದದ ಸಹಿ ಎಲ್ಲಿಂದ ಬಂತು? ಮಗನಿಗೆ, ನಮಗೆಲ್ಲ ಪಟ್ಟಿ ವಿಷಯ ಗೊತ್ತಿತ್ತು. ಚೀಟಿಗೆ ಆ ಹೊತ್ತು ಹಾಕಿ ಸಿಕ್ಕಿಹಾಕಿಕೊಳ್ಳೋ ದಡ್ಡರು ನಾವ್ಯಾರೂ ಅಲ್ಲ. ಗೊತ್ತಿಲ್ಲದೋರು ಒಬ್ರೇ, ಪಟ್ಟಿ ಬಿಚ್ಚಿದ ಮೇಲೆ ಇವತ್ತು ಬೆಳಿಗ್ಗೆ ಬಂದೋರು."

ಮಗಳು ಬಿಕ್ಕಿದಳು. "ಹೌದು, ನಾನೇ. ಸ್ಕೂಲ್ ಮಾರ್ಕ್ಸ್ ಕಾರ್ಡಿಗೆ ಅಮ್ಮನ ಈ ಸಹಿ ನಾನೇ ಎಷ್ಟು ಸಲ ಹಾಕಿದ್ದೀನೋ! ಅಪ್ಪ ಆಪರೇಷನ್ ಟೇಬಲ್ ಮೇಲೇ ಹೋದ್ರು. ಅಮ್ಮನೂ ಹೋದ್ರೆ?"

ಮಗನನ್ನು ಅನುಮಾನಿಸಿದ ನಾನು ಪೆಚ್ಚಾಗಿ ನಿಂತೆ.

"ಹೋದ್ರೆ ನಾನು ಹೋಗ್ತೀನಿ ಕಣೇ!" ಟೈಲರಮ್ಮ ಎದ್ದು ಕೂತರು. "ಮೆಟ್ಟಿಲು ಹತ್ತೋಕಾಗದೆ, ಮಷಿನ್ ತುಳಿಯೋಕಾಗದೆ ಮಂಚದಲ್ಲಿ ಕೊಳೆಯೋಳಲ್ಲ ನಾನು. ನನ್ನ ಎದೆ, ನನ್ನ ತೀರ್ಮಾನ. ಡಾಕ್ಟ್ರೇ, ಪೆನ್ ಕೊಡಿ. ನೀನು ಬಾ, ರಟ್ಟು ಹಿಡಿ."

ಮಗಳು ಕಣ್ಣೊರೆಸಿಕೊಂಡು ರಟ್ಟು ಹಿಡಿದಳು. ಮಣಿಕಟ್ಟಿನ ನೋವಿಗೆ, ಒಪ್ಪಿಗೆ ಪತ್ರದ ಮೇಲೆ ಟೈಲರಮ್ಮನ ಸಹಿ ಸೊಟ್ಟಗೆ ಬಿತ್ತು. ಗಂಟೆ ಒಂಬತ್ತಕ್ಕೆ ಹತ್ತು ನಿಮಿಷವಿತ್ತು.

"ನಡೀರಿ," ಎಂದರು ಸರ್ಜನ್.

ನಾನು ಟ್ರಾಲಿ ತಳ್ಳಿದೆ. ಬಾಗಿಲಲ್ಲಿ ಟೈಲರಮ್ಮ ಕತ್ತು ತಿರುಗಿಸಿ ಮಗಳಿಗೆ ಹೇಳಿದರು: "ಉಳಿದ ಬೈಗುಳ ಎದ್ದ ಮೇಲೆ. ಇಲ್ಲೇ ಕೂತಿರು."