ಕಾಲುಸೇತುವೆಯ ಮೇಲಿನ ಹುಡುಗಿ

ಸೆಪ್ಟೆಂಬರ್ 9, ಬೆಳಿಗ್ಗೆ 8.40. ಠಾಣೆಗೆ ಬಂದ ದರ್ಜಿಯ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಗೋದಾಮೊಂದರಲ್ಲಿ ಹೊಸ ಕೆಲಸಕ್ಕೆ ಸೇರಿದ್ದ ಮಗಳು ಹಿಂದಿನ ಸಂಜೆ ಮನೆಗೆ ಬಂದಿರಲಿಲ್ಲ. ದೂರು ಬರೆಸಿಕೊಳ್ಳುತ್ತಿರುವಾಗಲೇ ಫೋನು ಬಂತು: ಗೋದಾಮಿನ ಹಿಂದಿನ ಕಾಲುವೆಯಲ್ಲಿ ಯುವತಿಯ ಶವ. ಗುರುತು ಹಿಡಿದವನು ದರ್ಜಿಯೇ.

10.15ಕ್ಕೆ ಸ್ಥಳ ಪಂಚನಾಮೆ. ಅಲ್ಲಿದ್ದ ಕಾಲುಸೇತುವೆಯನ್ನು ಜನವರಿಯಲ್ಲೇ ಕಿತ್ತಿದ್ದರು. ಅಡ್ಡ ಕಟ್ಟಿದ್ದ ತಗಡನ್ನು ಯಾರೋ ಪುಣ್ಯಾತ್ಮರು ಹೊತ್ತೊಯ್ದಿದ್ದರು. ದಂಡೆಯ ಪೊದೆಯಲ್ಲಿ ಯುವತಿಯ ಫೋನು ಸಿಕ್ಕಿತು. ಎತ್ತಿ ಹಿಡಿದರೆ ಎದುರಿನ ನೋಟಕ್ಕೆ ಮೊದಲೇ ತೆಗೆದಿಟ್ಟ ಚಿತ್ರ ಬೆರೆಸಿ, ಅದರ ಮೇಲೆ ನೀಲಿ ಬಾಣ ಮೂಡಿಸಿ ದಾರಿ ತೋರುವ ನಕ್ಷೆ ಅದರಲ್ಲಿ ತೆರೆದೇ ಇತ್ತು.

ಮಹಿಳಾ ಹೆಡ್ ಕಾನ್‌ಸ್ಟೆಬಲ್ ಅಂಚಿನಲ್ಲಿ ನಿಂತು ಫೋನು ಎತ್ತಿದಳು. ನೀರಿನ ಮೇಲೆ ಸೇತುವೆ ಮೂಡಿತು. ಅದರ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ನಿಂತಿದ್ದಳು, ಮುಖ ಮಸುಕು.

"ಬಾ ಅಂತಿದೆ ಸರ್ ಇದು," ಇನ್ಸ್‌ಪೆಕ್ಟರಿಗೆ ಅಂದಳು. ಮುಸ್ಸಂಜೆಯಲ್ಲಿ ಯಾರಾದರೂ ನಂಬುತ್ತಿದ್ದರು.

ನಕ್ಷೆ ಕಂಪನಿಯ ಮ್ಯಾನೇಜರ್ ಕಡತ ತೆಗೆದ. "ಮಾರ್ಚ್ 12ಕ್ಕೆ ಮರುಸರ್ವೆ ಆಗಿದೆ. ನಮ್ಮವನೇ ನಡೆದು ಚಿತ್ರ ತೆಗೆದಿದ್ದಾನೆ."

ಹೆಡ್ ಕಾನ್‌ಸ್ಟೆಬಲ್ ಎರಡು ವರ್ಷದ ಹಿಂದಿನ ಚಿತ್ರವನ್ನೂ ಮಾರ್ಚ್‌ನದನ್ನೂ ಅಕ್ಕಪಕ್ಕ ಇಡಿಸಿದಳು. ಅದೇ ಹುಡುಗಿ, ಅದೇ ಸೈಕಲ್, ಅದೇ ನಾಯಿ.

"ಎರಡು ವರ್ಷದಿಂದ ಈ ನಾಯಿ ಕಿವಿ ಕೆರ್ಕೊಳ್ತಾನೇ ಇದೆಯಾ?"

ಮ್ಯಾನೇಜರ್ ಸರ್ವೆ ಮಾಡಿದವನ ವಿಳಾಸ ಬರೆದುಕೊಟ್ಟ. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಸಂಜೆ 4.30. ಸರ್ವೆಯವನ ಮನೆ. ಬಾಗಿಲ ಬಳಿ ಬೆನ್ನಿಗೆ ಹೊರುವ ಕ್ಯಾಮೆರಾ ಒರಗಿತ್ತು.

"ಹಳೇ ಚಿತ್ರಕ್ಕೆ ಹೊಸ ತಾರೀಖು ಹಾಕಿದ್ದು ನೀನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಹೌದು ಸರ್."

"ಸೇತುವೆ ಇಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಹೊಸದು ಹಾಕಿದ್ರೆ ಹಳೇದು ನಕ್ಷೆಯಿಂದ ಅಳಿಸಿ ಹೋಗುತ್ತೆ. ಅದರಲ್ಲಿ ನನ್ನ ಮಗಳಿದ್ದಾಳೆ. ಅವತ್ತು ಊಟದ ಡಬ್ಬಿ ಕೊಡೋಕೆ ಬಂದಿದ್ಲು. ಆಮೇಲೆ ಹನ್ನೊಂದೇ ದಿನ. ಜ್ವರ."

"ಮನೇಲಿ ಫೋಟೊ ಇಲ್ವಾ?"

"ಇವೆ. ಆದ್ರೆ ಅಲ್ಲಿ ಹೋಗಿ ಫೋನ್ ಎತ್ತಿದ್ರೆ, ನನಗಾಗಿ ಕಾಯ್ತಾ ನಿಂತಿರ್ತಾಳೆ."

"ಮುಖಾನೇ ಕಾಣಲ್ಲವಲ್ಲಯ್ಯ."

"ಮುಖ ಮಸುಕು ಮಾಡೋದು ಕಂಪನಿ ನಿಯಮ. ಜಡೆ ನಾನೇ ಹೆಣೆದಿದ್ದು ಸರ್." ಕ್ಯಾಮೆರಾದ ಪಟ್ಟಿ ಸರಿಪಡಿಸುತ್ತಾ ಹೇಳಿದ, "ಭಾನುವಾರ ಹೋದಾಗ ತಗಡು ಇತ್ತು. ಯಾರೂ ದಾಟಲ್ಲ ಅಂದ್ಕೊಂಡೆ."

5.10ಕ್ಕೆ ಬಂಧನ. ಠಾಣೆಗೆ ಮರಳಿದ ಇನ್ಸ್‌ಪೆಕ್ಟರ್, ಚಿತ್ರದ ಮೂಲಪ್ರತಿಯನ್ನು ಸಾಕ್ಷ್ಯವೆಂದು ಮೊಹರು ಮಾಡಿ, ಚಿತ್ರವನ್ನು ಕೂಡಲೇ ನಕ್ಷೆಯಿಂದ ಅಳಿಸಬೇಕೆಂದು ಕಂಪನಿಗೆ ಪತ್ರ ಬರೆದರು. ಬೇರೆ ದಾರಿಯಿರಲಿಲ್ಲ. ಸಹಿ ಹಾಕುವಾಗ ಅವರಿಗೆ ತಮ್ಮ ಕೆಲಸದ ಮೇಲೆಯೇ ಹೇಸಿಗೆಯಾಯಿತು.

ಬೆಂಚಿನ ಮೇಲೆ ದರ್ಜಿ ಇನ್ನೂ ಕೂತಿದ್ದ. ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿದರು. ಆತ ಟೇಪನ್ನು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡ.

"ಅಲ್ಲೊಂದು ಮಗು ನಿಂತಿದೆ, ನಾನೂ ದಾಟಬಹುದು ಅಂತಲೇ ಕಾಲಿಟ್ಟಳಾ ಸಾಹೇಬ್ರೆ ನನ್ನ ಮಗಳು?"

ಇನ್ಸ್‌ಪೆಕ್ಟರ್ ಬೆಂಚಿನ ಮೇಲೆ ಆತನ ಪಕ್ಕ ಕೂತರು.

6.35ಕ್ಕೆ ಕಂಪನಿಯಿಂದ ಉತ್ತರ ಬಂತು: ಚಿತ್ರ ಅಳಿಸಲಾಗಿದೆ. ಲಾಕಪ್ಪಿನ ಕಂಬಿಯ ಹಿಂದಿನಿಂದ ಸರ್ವೆಯವನು ಕೇಳಿದ, "ತೆಗೆದ್ರಾ ಸರ್?"

"ತೆಗೆದರು."

ಅವನು ಗೋಡೆಯ ಕಡೆ ತಿರುಗಿ ಕೂತ. ತಂದಿಟ್ಟ ಊಟ ಹಾಗೇ ಉಳಿಯಿತು.